ಉಪ್ಪು ರುಚಿಯ ಕಾಡುಮದ್ದು

ಕತ್ತಿ ನನ್ನ ಕುತ್ತಿಗೆಯ ಮೇಲಿತ್ತು.

ಯುದ್ಧದ ಕತ್ತಿ ಅಂದುಕೊಳ್ಳಬೇಡಿ. ಸೊಪ್ಪು ಕೊಯ್ಯುವ ಕತ್ತಿ. ತುದಿ ಬಾಗಿದ್ದು. ನನ್ನ ಕುತ್ತಿಗೆಯ ಅಳತೆ ತೆಗೆದು ಕಮ್ಮಾರನ ಹತ್ತಿರ ಮಾಡಿಸಿದ ಹಾಗೆ ಆ ಬಾಗು ಸರಿಯಾಗಿ ಕೂತಿತ್ತು.

"ಏಳ್ಬೇಡ," ಅಂದಿತು ಹಿಂದಿನ ದನಿ.

ಹೆಂಗಸಿನ ದನಿ. ವಯಸ್ಸಾದ ದನಿ. ಅವಸರವೇ ಇಲ್ಲದ ದನಿ.

ನಾನು ಏಳಲಿಲ್ಲ.

ಪೇಟೆಯ ಪೈಲ್ವಾನರ ಕೈಯಲ್ಲಿ ಕತ್ತಿ ಕಂಡರೆ ನನಗೆ ಅಷ್ಟು ಭಯವಿಲ್ಲ. ಅವರು ಮೊದಲು ಭಾಷಣ ಮಾಡ್ತಾರೆ. ಅದು ಮುಗಿಯೋದರೊಳಗೆ ಓಡಬಹುದು. ದಿನಾ ಸೊಪ್ಪು ಕೊಯ್ಯುವ ಹೆಂಗಸು ಭಾಷಣ ಮಾಡೋದಿಲ್ಲ... ಕೊಯ್ತಾಳೆ, ಅಷ್ಟೆ!

ಮೇಲೆ ಕತ್ತಿ. ಕೆಳಗೆ ಉಣುಗು. ಶಿವರಾತ್ರಿ ಕಳೆದ ಬಿಸಿಲು, ಒಣಗಿದ ತರಗೆಲೆ, ಅದರ ತುಂಬ ರಕ್ತ ಹೀರುವ ಉಣುಗು. ಮಂಗನ ಕಾಯಿಲೆ ನಮ್ಮ ಕಡೆ ಕಾಣಿಸಿಕೊಂಡು ಬಹಳ ವರ್ಷ ಆಗಿರಲಿಲ್ಲ. ಉಣುಗು ಕಚ್ಚಿದರೆ ಜ್ವರ ಅಂತ ಜನ ಸೌದೆಗೂ ಕಾಡು ಹೊಗಲು ಹೆದರುತ್ತಿದ್ದ ಕಾಲ. ಅಂಥದ್ದರಲ್ಲಿ ನಾನು ಹೊಸನಗರದಾಚೆಯ ಗುಡ್ಡದಲ್ಲಿ ಹೊಟ್ಟೆಯಡಿಯಾಗಿ ಬಿದ್ದಿದ್ದೆ. ಸೊಂಟದ ಹತ್ತಿರ ಒಂದು ಹುಳ ಮನೆ ಕಟ್ಟಲು ಜಾಗ ನೋಡುವವರ ಹಾಗೆ ನಿಧಾನವಾಗಿ ಓಡಾಡುತ್ತಿತ್ತು. ಕೆರೆಯುವ ಹಾಗಿಲ್ಲ. ಕೈ ಅಲ್ಲಾಡಿದರೆ ತಲೆ ಉಳಿಯೋದಿಲ್ಲ.

"ಯಾರ ಕಡೆಯವನೋ ನೀನು?"

"ಒಂದೇ ಕಡೆಯವನಾಗಿದ್ದರೆ ಹೇಳಬಹುದಿತ್ತು."

ಕತ್ತಿ ಒಂದು ಕೂದಲೆಳೆ ಒಳಗೆ ಬಂತು. ಮುದುಕಿಗೆ ತಮಾಷೆ ಹಿಡಿಸಲಿಲ್ಲ.

ಇಲ್ಲಿಗೆ ಹೇಗೆ ಬಂದು ಬಿದ್ದೆ ಅಂತ ಹೇಳಿಬಿಡ್ತೀನಿ, ಕೇಳಿ.

ನನ್ನ ಹೆಸರು ಜಟ್ಟಪ್ಪ. ಸಾಗರದವನು. ಕಳೆದುಹೋದದ್ದನ್ನು ಹುಡುಕಿಕೊಡೋದು ನನ್ನ ಕಸುಬು. ಎಮ್ಮೆ, ಸೈಕಲ್ಲು, ಧಾರೆಯ ಹಿಂದಿನ ದಿನ ಓಡಿಹೋದ ಮದುವೆ ಗಂಡು... ಎಲ್ಲಾ ಹುಡುಕಿದ್ದೀನಿ. ಎಮ್ಮೆ ಸಿಕ್ಕಿದರೆ ಮನೆಯವರು ಕುಣಿದಾಡ್ತಾರೆ. ಗಂಡು ಸಿಕ್ಕಿದಾಗ ಅಷ್ಟೊಂದು ಕುಣಿದದ್ದು ನಾನು ಕಂಡಿಲ್ಲ.

ಗಣೇಶಮೂರ್ತಿಯವರು ನನ್ನನ್ನು ಕರೆಸಿದ್ದು ಒಂದು ಮಧ್ಯಾಹ್ನ. ತೀರ್ಥಹಳ್ಳಿಯಿಂದ ಹೊಸನಗರದ ಮೇಲೆ ಸಾಗರಕ್ಕೆ ಓಡುವ ಬಸ್ಸು ಅವರದ್ದು. ದೊಡ್ಡ ಕುಳ. ಮಡಿವಂತ ಮನೆತನ. ಮೀನು ಅನ್ನೋ ಮಾತು ಕಿವಿಗೆ ಬಿದ್ದರೂ ಬಾಯಿ ಮುಕ್ಕಳಿಸುವವರು. ಹೊರಗೆ ಬಿಸಿಲಿಗೆ ರಸ್ತೆಯ ಡಾಂಬರು ಮೆತ್ತಗಾಗಿತ್ತು. ಒಳಗೆ ಅವರು ಕುತ್ತಿಗೆಗೆ ಉಣ್ಣೆಯ ಮಫ್ಲರ್ ಸುತ್ತಿಕೊಂಡು ಕೂತಿದ್ದರು. ಶೀತ ಅಂದರು. ನಾನು ಹೂಂ ಅಂದೆ.

ಆಮೇಲೆ ಬಾಗಿಲು ಹಾಕಿಸಿ ಮಫ್ಲರ್ ತೆಗೆದರು.

ಗಡ್ಡೆ! ಕುತ್ತಿಗೆಯ ಮುಂದೆ ಒಂದು ಮಾವಿನಕಾಯಿ ನುಂಗಲಾರದೆ ನಿಂತ ಹಾಗೆ.

ನನಗೆ ಆಶ್ಚರ್ಯವಾಗಲಿಲ್ಲ. ನಮ್ಮ ಕಡೆ ಕುತ್ತಿಗೆ ಗಡ್ಡೆ ಹೊಸತಲ್ಲ. ಹೆಂಗಸರಿಗೆ ಹೆಚ್ಚು. ಅವರು ಸೆರಗಿನಲ್ಲಿ ಮುಚ್ಚಿಕೊಳ್ತಾರೆ. ಗಂಡಸರಿಗೆ ಸೆರಗಿಲ್ಲ, ಪಾಪ, ಮಫ್ಲರೇ ಗತಿ.

ಗಣೇಶಮೂರ್ತಿಯವರು ಹೇಳಿದ್ದು ಇಷ್ಟು. ಹೊಸನಗರದ ಕಡೆಯ ಯಾರೋ ಮುದುಕಿ ಕೊಡುವ ಕಂದು ಬಣ್ಣದ ಪುಡಿಯನ್ನು ಮನೆಗೆಲಸದವಳ ಕೈಯಲ್ಲಿ ಗುಟ್ಟಾಗಿ ತರಿಸುತ್ತಿದ್ದರು. ಗಡ್ಡೆ ಇಳಿಯುತ್ತಾ ಬಂದಿತ್ತು. ಈಗ ಪುಡಿ ಬರೋದು ನಿಂತಿದೆ. ಗಡ್ಡೆ ಮತ್ತೆ ಏಳುತ್ತಿದೆ. ಮುದುಕಿಯ ಹಂಗೇ ಬೇಡ, ಆ ಪುಡಿ ಯಾವ ಗಿಡದ್ದು ಅಂತ ಪತ್ತೆ ಮಾಡಿ, ಬೇರು ಸಮೇತ ಒಂದು ಗಿಡ ತಂದುಕೊಡಬೇಕು. ಹಿತ್ತಲಲ್ಲಿ ಬೆಳೆಸ್ತಾರಂತೆ. ಕಿಟಕಿಯಿಂದ ತೋರಿಸಿದರು. ಪಾತಿ ಆಗಲೇ ಅಗೆದಿತ್ತು. ಗೊಬ್ಬರವೂ ಬಿದ್ದಿತ್ತು.

ನಾನು ಒಪ್ಪಿದೆ. ಅವರಿಗಾಗಿ ಅಲ್ಲ.

ನನ್ನ ಹೆಂಡತಿ ವರದಮ್ಮನಿಗೂ ಅದೇ ಗಡ್ಡೆ. ಅವಳದ್ದು ಹೊರಗೆ ಸಣ್ಣದು, ಒಳಗೆ ದೊಡ್ಡದು. ಮಲಗಿದರೆ ಉಸಿರು ಕಟ್ಟುತ್ತೆ. ಎಷ್ಟೋ ಕಾಲ ಗೋಡೆಗೆ ಒರಗಿ ಕೂತೇ ನಿದ್ದೆ ಮಾಡಿದವಳು. ಆ ಮುದುಕಿಯ ಪುಡಿ ತಿಂದ ಮೇಲೆ ಚಾಪೆಯ ಮೇಲೆ ಕಾಲು ಚಾಚಿ ಮಲಗಿದ್ದಳು. ಈಗ ಪುಡಿ ಇಲ್ಲ. ಚಾಪೆ ಸುತ್ತಿ ಮೂಲೆಗೆ ಇಟ್ಟಾಗಿತ್ತು. ಅವಳು ಮತ್ತೆ ಗೋಡೆಗೆ.

ಹಾಗಾಗಿ ಗಣೇಶಮೂರ್ತಿಯವರಿಗೆ ಗೊತ್ತಿಲ್ಲದ್ದು ನನಗೆ ಗೊತ್ತಿತ್ತು. ಮುದುಕಿಯ ಹೆಸರು ಮೂಕಮ್ಮ. ಮನೆ ಹೊಸನಗರದ ಆಚೆ, ರಸ್ತೆಯಿಂದ ಒಳಗೆ. ನೇರವಾಗಿ ಹೋಗಿ ಕೇಳಬಹುದಿತ್ತಲ್ಲ ಅಂತೀರಾ? ನಾಟಿ ಮದ್ದಿನ ರೀತಿಯೇ ಬೇರೆ. ಕೊಡುವವರು ಹೆಸರು ಹೇಳಬಾರದು. ತಗೊಳ್ಳುವವರು ಕೇಳಬಾರದು. ಹೆಸರು ಹೊರಬಿದ್ದರೆ ಮದ್ದು ತಾಗೋದಿಲ್ಲ. ಇದು ನಮ್ಮಲ್ಲಿ ಮಕ್ಕಳಿಗೂ ಗೊತ್ತು.

ಕೇಳುವ ಹಾಗಿಲ್ಲ. ಹಿಂಬಾಲಿಸಬಹುದು.

ಹಿಂಬಾಲಿಸಿದೆ. ಅವಳು ಗುಡ್ಡ ಹತ್ತಿದಳು, ಹತ್ತಿದೆ. ಹಳ್ಳ ದಾಟಿದಳು, ದಾಟಿದೆ. ಬಗ್ಗಿ ಸೊಪ್ಪು ಕೊಯ್ದಳು. ಅವಳು ಮುಂದೆ ಹೋದ ಮೇಲೆ ಆ ಗಿಡದ್ದೇ ಒಂದೆಲೆ ಕಿತ್ತು ಜೇಬಿಗೆ ಹಾಕಿಕೊಂಡೆ. ಹೀಗೆ ಕೆಲವು ದಿನ. ಜೇಬು ತುಂಬಿತು. ಆಮೇಲೆ ಒಂದು ಪೊದೆಯ ಹಿಂದೆ ಮಾಯವಾದಳು...

ಮತ್ತೆ ಕಾಣಿಸಿಕೊಂಡದ್ದು ನನ್ನ ಬೆನ್ನ ಹಿಂದೆ. ಕತ್ತಿಯ ಸಮೇತ.

"ಜೇಬಲ್ಲಿರೋದು ಹೊರಗೆ ಹಾಕು," ಅಂದಳು ಮೂಕಮ್ಮ.

ಹಾಕಿದೆ. ಅವಳು ಕತ್ತಿ ತೆಗೆಯದೆ, ಕಾಲ್ಬೆರಳಲ್ಲಿ ಒಂದೊಂದೇ ಎಲೆ ಸರಿಸಿ ನೋಡಿದಳು. ಇದು ಆಡಿನ ಹೊಟ್ಟೆ ಉಬ್ಬರಕ್ಕೆ. ಇದು ಬೇಲಿಗೆ. ಇದು ಯಾತಕ್ಕೂ ಅಲ್ಲ, ನಿನ್ನನ್ನು ಸುತ್ತಾಡಿಸೋಕೆ ಕೊಯ್ದದ್ದು. ಇದನ್ನು ಮಾತ್ರ ಬಾಯಿಗೆ ಹಾಕಬೇಡ, ನಾಳೆವರೆಗೂ ಚೊಂಬು ಕೈಯಲ್ಲೇ ಇರುತ್ತೆ ಅಂದಳು. ದನಿಯಲ್ಲಿ ನಗು ಇತ್ತೋ ಇಲ್ಲವೋ, ನನಗೆ ಮುಖ ಕಾಣುತ್ತಿರಲಿಲ್ಲ.

ನಾನು ನಿಜ ಹೇಳಿದೆ. ಸಾಗರದ ವರದಮ್ಮನ ಗಂಡ ಅಂದೆ.

ಕತ್ತಿ ಮೇಲೆದ್ದಿತು.

"ಗೋಡೆಗೆ ಒರಗಿ ಮಲಗ್ತಾಳಲ್ಲ, ಆ ವರದಮ್ಮನಾ?"

"ಈಗ ಮತ್ತೆ ಒರಗಿದ್ದಾಳೆ."

ಮೂಕಮ್ಮ ಕತ್ತಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು. ನಾನು ಮೊದಲು ಸೊಂಟ ಕೆರೆದುಕೊಂಡೆ, ಆಮೇಲೆ ಎದ್ದು ಕೂತೆ. ಪುಡಿ ಕೊಡೋದನ್ನು ತಾನು ಬೇಕು ಅಂತ ನಿಲ್ಲಿಸಿದ್ದಲ್ಲ ಅಂದಳು. ಬರೋದೇ ನಿಂತಿದೆ. ಎಲ್ಲಿಂದ ಬರೋದು, ಯಾಕೆ ನಿಂತಿತು ಅಂತ ಅವಳು ಹೇಳಲಿಲ್ಲ, ಹೇಳುವವಳೂ ಅಲ್ಲ. ಒಂದೇ ಒಂದು ಕುಡಿಕೆ ಪುಡಿ ಉಳಿದಿದೆ, ತೀರಾ ಉಸಿರು ಕಟ್ಟುವವರಿಗೆ ಅಂತ ಇಟ್ಟುಕೊಂಡಿದ್ದೀನಿ, ವರದಮ್ಮನಿಗೆ ಒಂದು ಪೊಟ್ಟಣ ಕಟ್ಟಿಕೊಡ್ತೀನಿ, ಬಾ ಅಂದಳು.

ಮರಗಳ ಸಂದಿಯಿಂದ ಅವಳ ಮನೆಯ ಹಿಂಬಾಗಿಲು ಕಾಣುತ್ತಿತ್ತು.

ಹಿಂಬಾಗಿಲಿಂದ ಒಬ್ಬ ಹೊರಗೆ ಬಂದ. ಆಳು ಬಾಗಿಲಿನಷ್ಟೇ ಅಗಲ. ಕಂಕುಳಲ್ಲಿ ಕುಡಿಕೆ.

ಮಾರಪ್ಪ!

ಗಣೇಶಮೂರ್ತಿಯವರ ಬಸ್ಸಿನ ಚೆಕ್ಕಿಂಗ್ ಇನ್ಸ್‌ಪೆಕ್ಟರ್ ಅಂತ ಅವನಿಗೆ ಹೆಸರು. ಅವನು ಟಿಕೆಟ್ ನೋಡಿದ್ದನ್ನು ಯಾರೂ ಕಂಡಿಲ್ಲ. ಯಜಮಾನರಿಗೆ ನನ್ನ ಮೇಲೆ ಎಷ್ಟು ನಂಬಿಕೆ ಅಂತ ಆಗ ಗೊತ್ತಾಯಿತು. ನಾನು ಮೂಕಮ್ಮನ ಹಿಂದೆ. ಮಾರಪ್ಪ ನನ್ನ ಹಿಂದೆ. ಒಟ್ಟಿನಲ್ಲಿ ಆ ಗುಡ್ಡದಲ್ಲಿ ಕೆಲಸ ಮಾಡಿದವಳು ಮೂಕಮ್ಮ ಒಬ್ಬಳೇ. ಅವಳ ಆಡಿಗಾದರೂ ಸೊಪ್ಪು ಸಿಕ್ಕಿತು.

ಓಡಿದೆ. ಮಾರಪ್ಪನೂ ಓಡಿದ. ರಸ್ತೆಯಲ್ಲಿ ಬಸ್ಸು ಅವನಿಗೆ ಅಂತಲೇ ಎಂಜಿನ್ ಆರಿಸದೆ ನಿಂತಿತ್ತು. ಅವನು ಹತ್ತಿದ. ಬಸ್ಸು ನನ್ನ ಮುಖಕ್ಕೆ ಹೊಗೆ ಉಗಿದು ಸಾಗರದ ಕಡೆ ಹೊರಟಿತು.

ಲಿಂಗನಮಕ್ಕಿ ಅಣೆಕಟ್ಟೆಯ ಕೆಲಸ ನಡೆಯುತ್ತಿದ್ದ ವರ್ಷಗಳು ಅವು. ರಸ್ತೆ ತುಂಬ ಮರದ ಲಾರಿ, ಸಿಮೆಂಟ್ ಲಾರಿ. ಒಂದು ಮರದ ಲಾರಿಗೆ ಅಡ್ಡ ನಿಂತೆ. ಡ್ರೈವರು ನನ್ನ ತಾಯಿಯನ್ನು ನೆನೆದು ಬ್ರೇಕ್ ಹಾಕಿದ. ಪಕ್ಕಕ್ಕೆ ಹತ್ತಿ ಕೂತು, ಆ ಬಸ್ಸು ಹಿಡಿ ಅಂದೆ.

ಸಿನಿಮಾದಲ್ಲಿ ನೋಡುವ ಬೆನ್ನಟ್ಟುವಿಕೆ ಇದು ಅಂದುಕೊಳ್ಳಬೇಡಿ. ಲಾರಿಯಲ್ಲಿ ಆನೆಯಂಥ ದಿಮ್ಮಿಗಳು. ಏರು ಬಂದರೆ ಪಕ್ಕದಲ್ಲಿ ನಡೆಯುವವರೇ ನಮಗಿಂತ ಮುಂದೆ. ಆದರೆ ಬಸ್ಸು ಎಲ್ಲರಿಗೂ ನಿಲ್ಲುತ್ತಿತ್ತು. ಅಡಿಕೆ ಮೂಟೆಗೆ ನಿಂತಿತು. ಬಾಣಂತಿಗೆ ನಿಂತಿತು. ಯಾರೋ ಒಬ್ಬರು ಕೈ ಬೀಸಿ, ಈ ಹೊತ್ತು ಬರೋದಿಲ್ಲ, ನಾಳೆ ಬರ್ತೀನಿ ಅಂತ ತಿಳಿಸೋದಕ್ಕೂ ನಿಂತಿತು. ನಿಂತಾಗ ನಾವು ದಾಟಿದೆವು. ಏರಿನಲ್ಲಿ ಅದು ನಮ್ಮನ್ನು ದಾಟಿತು. ದಾಟುವಾಗೆಲ್ಲ ಕಿಟಕಿಯಿಂದ ಮಾರಪ್ಪ ಹಲ್ಲು ಕಿರಿದ. ಲಾರಿ ಡ್ರೈವರು ಅವನಿಗೆ ಕೈ ಎತ್ತಿ ನಮಸ್ಕಾರ ಮಾಡಿದ. ನಾನು ಗದರಿದೆ. ಪರಿಚಯದ ಮುಖ ಮಾರಾಯ, ಮಾಡದೆ ಹೇಗಿರೋದು ಅಂದ.

ಬಟ್ಟೆಮಲ್ಲಪ್ಪದಲ್ಲಿ ಬಸ್ಸು ಕಾಫಿಗೆ ನಿಂತಿತು. ನಾನು ಹಾರಿದೆ.

ಮಾರಪ್ಪ ಇಳಿಯುತ್ತಿದ್ದ. ಕುಡಿಕೆಗೆ ಕೈ ಹಾಕಿದೆ. ಅವನು ಕುಡಿಕೆ ಬಿಡದೆ ಇನ್ನೊಂದು ಕೈಯಲ್ಲಿ ನನ್ನ ತಲೆ ಹಿಡಿದು, ತೆಂಗಿನಕಾಯಿಯನ್ನು ಕಲ್ಲಿಗೆ ತೋರಿಸುವ ಹಾಗೆ ಬಸ್ಸಿನ ಬಾಗಿಲಿಗೆ ತೋರಿಸಿದ. ನಕ್ಷತ್ರ ಕಂಡವು. ಮಧ್ಯಾಹ್ನಕ್ಕೇ! ಆದರೂ ನನ್ನ ಬಲಗೈ ಕುಡಿಕೆಯ ಒಳಗೆ ಹೊಕ್ಕಿತ್ತು.

"ಬಿಡು ಜಟ್ಟಣ್ಣ. ಯಜಮಾನ್ರು ಕಾಯ್ತಿದಾರೆ."

"ಅದು ಉಸಿರು ಕಟ್ಟಿದವರ ಮದ್ದು ಕಣೋ."

ಅವನ ಮುಖ ಯಾಕೋ ಒಂದು ಕ್ಷಣ ಬೇರೆಯಾಯಿತು. ಆಮೇಲೆ ನನ್ನನ್ನು ಚರಂಡಿಗೆ ಎಸೆದ.

ಬಸ್ಸು ಹೋಯಿತು. ಕುಡಿಕೆ ಹೋಯಿತು. ನನ್ನ ಮುಷ್ಟಿಯಲ್ಲಿ ಒಂದಿಷ್ಟು ಪುಡಿ ಉಳಿಯಿತು.

ಚರಂಡಿಯ ದಂಡೆಯಲ್ಲಿ ಕೂತು ಮುಷ್ಟಿ ಬಿಚ್ಚಿದೆ. ವರದಮ್ಮ ಗಂಜಿಯಲ್ಲಿ ಕಲಸಿಕೊಂಡು ತಿನ್ನೋದನ್ನು ನೋಡಿದ್ದೆನೇ ಹೊರತು ನಾನು ಬಾಯಿಗೆ ಹಾಕಿದವನಲ್ಲ. ನಾಲಿಗೆಯ ತುದಿಗೆ ಇಟ್ಟೆ.

ಉಪ್ಪು.

ಕಾಡಿನ ಎಲೆ ಕಹಿ ಇರಬಹುದು, ಒಗರು ಇರಬಹುದು, ಖಾರ ಇರಬಹುದು. ಉಪ್ಪು? ಬೆರಳಲ್ಲಿ ಪುಡಿ ಹರಡಿದೆ. ಬಿಸಿಲಿಗೆ ಏನೋ ಮಿಣುಕಿತು. ತೆಳ್ಳಗೆ, ಉಗುರಿನ ಚೂರಿನ ಹಾಗೆ, ಬೆಳ್ಳಗೆ.

ಮೀನಿನ ಪೊರೆ!

ನಗು ಬಂತು. ತಲೆ ನೋಯುತ್ತಿತ್ತು, ಆದರೂ ಬಂತು. ನಾವು ಮಲೆನಾಡಿನವರು. ಮದ್ದು ಅಂದ ಕೂಡಲೇ ನಮ್ಮ ಕಣ್ಣು ಗುಡ್ಡದ ಕಡೆ ಹೋಗುತ್ತೆ. ಜಗತ್ತಿನ ಗಿಡಮೂಲಿಕೆ ಎಲ್ಲಾ ನಮ್ಮ ಕಾಡಲ್ಲೇ ಹುಟ್ಟಿದ್ದು ಅಂತ ನಮಗೆ ಜಂಬ. ಅದಕ್ಕೇ ನಾನು ಹತ್ತಿದೆ, ಮಾರಪ್ಪ ಹತ್ತಿದ, ಯಜಮಾನರು ಪಾತಿ ಅಗೆಸಿದರು. ಗುಡ್ಡದಿಂದ ಕೆಳಗೆ, ಘಟ್ಟದ ಬುಡದಲ್ಲಿ, ಅಷ್ಟು ದೊಡ್ಡ ಕಡಲು ಬಿದ್ದಿದೆ ಅನ್ನೋದು ಒಬ್ಬರಿಗೂ ನೆನಪಾಗಲಿಲ್ಲ.

ಹೊಸನಗರಕ್ಕೆ ಒಣಮೀನು ಬರೋದು ತೀರ್ಥಹಳ್ಳಿಯಿಂದ. ಅಲ್ಲಿಗೆ ಬರೋದು ಆಗುಂಬೆ ಘಾಟಿ ಹತ್ತಿ ಬರುವ ಕರಾವಳಿಯ ಹೆಂಗಸರ ಬುಟ್ಟಿಯಲ್ಲಿ. ಮಾರನೆಯ ದಿನ ನಾನು ತೀರ್ಥಹಳ್ಳಿಯಲ್ಲಿದ್ದೆ. ಹೊಸನಗರಕ್ಕೆ ಹೋಗುತ್ತಿದ್ದ ಬುಟ್ಟಿ ಯಾರದು ಅಂತ ಮಾರ್ಕೆಟ್ಟಿನಲ್ಲಿ ಕೇಳಿದೆ. ಮೂಲೆ ತೋರಿಸಿದರು.

ಕನ್ನಮ್ಮ ಅಂತ ಹೆಸರು. ಬಿಸಿಲಿಗೆ ಕಪ್ಪಾಗಿ ಗಟ್ಟಿಯಾದ ಹೆಂಗಸು. ಮುಂದೆ ಒಣಮೀನಿನ ಬುಟ್ಟಿ. ನಾನು ಮೂಕಮ್ಮನ ಹೆಸರು ಎತ್ತಿದ ಕೂಡಲೇ ಅವಳ ಕೈ ತಕ್ಕಡಿಯ ಕಲ್ಲಿನ ಮೇಲೆ ಹೋಯಿತು. ಆ ವಾರ ನನ್ನ ತಲೆಗೆ ಬಹಳ ಬೇಡಿಕೆ ಇತ್ತು, ಬಿಡಿ.

"ಮೀನ್ ಬೇಕಾ, ಮಾತ್ ಬೇಕಾ ನಿಮ್ಗೆ?"

"ಮಾತು."

"ಮೀನ್ ತಕಂಡ್ರೆ ಮಾತ್ ಪುಕ್ಕಟೆ ಮಾರಾಯ್ರೆ."

ತಗೊಂಡೆ. ಒಂದು ಕಟ್ಟು ಬಂಗಡೆಗೆ ಅವಳ ಕೈ ಕಲ್ಲಿನಿಂದ ಇಳಿಯಿತು. ಇನ್ನೊಂದು ಕಟ್ಟಿಗೆ ಬಾಯಿ ಬಿಚ್ಚಿತು.

ಅವಳು ಬುಟ್ಟಿಯ ಮೀನು ಸರಿಸಿ ತಳ ತೋರಿಸಿದಳು. ಕಂದು ಬಣ್ಣದ ಒಣಗಿದ ಹುಲ್ಲಿನಂಥದ್ದು ಮೆತ್ತೆಯಾಗಿ ಹಾಸಿತ್ತು. ಎಲೆ ಉಂಟು, ಎಲೆಯ ಬುಡದಲ್ಲಿ ಮಣಿಯಂಥ ಸಣ್ಣ ಗುಳ್ಳೆ ಉಂಟು. ಬೇರಿಲ್ಲ. ಕಡಲ ಪಾಚಿ ಅಂದಳು. ಕಡಲ ನೀರು ಇಳಿದ ಹೊತ್ತಿಗೆ ಬಂಡೆಯ ಮೇಲೆ ಕೈಗೆ ಸಿಗುತ್ತಂತೆ. ಅವರು ಅದನ್ನು ತೆಂಗಿನ ಬುಡಕ್ಕೆ ಗೊಬ್ಬರ ಹಾಕ್ತಾರೆ, ಒಣಗಿಸಿ ಬುಟ್ಟಿಯ ತಳಕ್ಕೆ ಹಾಸ್ತಾರೆ. ಅಷ್ಟೆ. ಹೊಸನಗರದ ಬಸ್ ಸ್ಟ್ಯಾಂಡಿನಲ್ಲಿ ಮೀನು ಕೊಳ್ಳಲು ಬಂದ ಮೂಕಮ್ಮ ಒಂದು ದಿನ ಅವಳ ಕುತ್ತಿಗೆ ದಿಟ್ಟಿಸಿ ನೋಡಿ, ನಿಮ್ಮ ಹೆಂಗಸರಿಗೆ ಗಡ್ಡೆ ಯಾಕಿಲ್ಲ ಅಂತ ಕೇಳಿದಳಂತೆ. ನಮಗೇನು ಗೊತ್ತು, ನಾವು ಕಡಲಿನದ್ದು ತಿಂತೀವಿ ಅಂದಳಂತೆ ಕನ್ನಮ್ಮ. ಮೂಕಮ್ಮ ಮೀನಿನ ಜೊತೆ ಆ ಹಾಸನ್ನೂ ಕೇಳಿ ತಗೊಂಡು ಹೋದಳು. ಮೊದಲು ತಾನೇ ತಿಂದು ನೋಡಿದಳು. ಅವಳಿಗೂ ಗಡ್ಡೆ ಇತ್ತು ಅನ್ನೋದು ನನಗೆ ಆಗಲೇ ಗೊತ್ತಾದದ್ದು.

ಮತ್ತೆ ಹೋಗೋದು ಯಾಕೆ ನಿಲ್ಲಿಸಿದೆ ಅಂತ ಕೇಳಿದೆ.

"ನಾನೆಂತಕ್ಕೆ ನಿಲ್ಸ್ಲಿ? ಬಸ್ಸಿಗೆ ಹತ್ತ್ಸೂದಿಲ್ಲ. ನಾತ ಬತ್ತಂಬ್ರು. ಮೀನ್ ಬುಟ್ಟಿ ಹತ್ತ್ಸುಕಾಗ ಅಂದೇಳಿ ಬಸ್ಸಿನ ಯಜಮಾನ್ರದ್ದೇ ಆರ್ಡರ್. ಸೆಕೆಗೂ ಕುತ್ಗಿಗೆ ಬಟ್ಟೆ ಸುತ್ಕಂತ್ರಲ್ಲ, ಆ ಜನ."

ನಾನು ಆ ಬಂಗಡೆಯ ಕಟ್ಟುಗಳನ್ನು ಹಿಡಿದುಕೊಂಡು ಅಲ್ಲೇ ಕಟ್ಟೆಯ ಮೇಲೆ ಕೂತೆ.

ತನ್ನ ಗಂಟಲಿನ ಮದ್ದಿಗೆ ಗಣೇಶಮೂರ್ತಿಯವರೇ ಬಾಗಿಲು ಹಾಕಿದ್ದರು. ಹಾಕಿಬಿಟ್ಟು, ಅದು ಎಲ್ಲಿ ಹೋಯಿತು ಅಂತ ಹುಡುಕಲು ನನ್ನನ್ನು ಉಣುಗಿನ ಬಾಯಿಗೆ ಕಳಿಸಿದ್ದರು!

ಕನ್ನಮ್ಮನಿಂದ ಒಂದು ಗಂಟು ಪಾಚಿ ಕಟ್ಟಿಸಿಕೊಂಡು ಸಾಗರಕ್ಕೆ ಬಂದೆ. ದಾರಿಯಲ್ಲಿ ಹೊಸನಗರಕ್ಕೆ ಇಳಿದು ಮೂಕಮ್ಮನ ಜೊತೆ ಮಾತಾಡಿದೆ. ಗಂಟು ನೋಡಿ ಅವಳು ಏನೂ ಹೇಳಲಿಲ್ಲ. ನಾನೂ ಹೆಸರು ಎತ್ತಲಿಲ್ಲ. ಕುಡಿಕೆಯಲ್ಲಿದ್ದದ್ದು ಯಾರ ಕೈಗೆ ಹೋಯಿತು ಅಂತ ನಾನು ಹೇಳಿದಾಗ ಮಾತ್ರ ಅವಳ ಮುಖ ಬಿಗಿಯಿತು. ತಾನು ಕೊಡೋದು ಎರಡು ಬೆರಳಿಗೆ ಸಿಕ್ಕಷ್ಟು, ಅದೂ ದಿನಾ ಅಲ್ಲ ಅಂದಳು. ಆಸೆಗೆ ಬಿದ್ದು ಹೆಚ್ಚು ತಿಂದರೆ ಎದೆ ಕುದುರೆ ಆಗುತ್ತೆ.

ಆಗಿತ್ತು.

ಗಣೇಶಮೂರ್ತಿಯವರ ಮನೆ ಮುಂದೆ ಡಾಕ್ಟರ ಸೈಕಲ್ಲು ನಿಂತಿತ್ತು. ಯಜಮಾನರು ಮಂಚದ ಮೇಲೆ ಬೆವರುತ್ತಿದ್ದರು. ಕೈ ನಡುಗುತ್ತಿತ್ತು. ಗಡ್ಡೆ ಬೇಗ ಕರಗಲಿ ಅಂತ ಪುಡಿಯನ್ನು ಚಮಚದಲ್ಲಿ ತಿಂದಿದ್ದರು, ಮೇಲೆ ಜೇನುತುಪ್ಪ ಬೇರೆ. ಡಾಕ್ಟರು ಕುಡಿಕೆ ಮೂಸಿ, ಒಂದು ಹರಳಿನಷ್ಟು ನಾಲಿಗೆಗೆ ಇಟ್ಟು, ನನ್ನನ್ನು ಜಗಲಿಗೆ ಕರೆದರು. ಏನಿದು ಅಂದರು. ಅವರ ಕಿವಿಯಲ್ಲಿ ಹೇಳಿದೆ. ಡಾಕ್ಟರು ಗೋಡೆ ಕಡೆ ತಿರುಗಿ ನಿಂತು ಭುಜ ಅಲ್ಲಾಡಿಸಿದರು. ಅಳುತ್ತಿರಲಿಲ್ಲ.

ಆಮೇಲೆ ಗಂಭೀರವಾಗಿ ವಿವರಿಸಿದರು. ಇದಕ್ಕೆ ಗಾಯಿಟರ್ ಅಂತಾರೆ. ನಮ್ಮ ಕಡೆ ಮಳೆ ಮಣ್ಣಿನ ಸಾರವನ್ನು ತೊಳೆದುಕೊಂಡು ಹೋಗುತ್ತೆ, ಅದರ ಜೊತೆಗೆ ಅಯೋಡಿನ್ ಅನ್ನೋದೂ ಹೋಗುತ್ತೆ. ಗಂಟಲಿನ ಗ್ರಂಥಿಗೆ ಅದು ಬೇಕೇ ಬೇಕು. ಸಿಗದಿದ್ದರೆ ಊದಿಕೊಳ್ಳುತ್ತೆ. ಕಡಲಿನ ಕಂದು ಪಾಚಿ ಆ ಅಯೋಡಿನ್ನನ್ನು ನೀರಿನಿಂದ ಹೀರಿ ಮೈಯಲ್ಲಿ ತುಂಬಿಕೊಳ್ಳುತ್ತೆ. ಜಪಾನಿನವರು ಅದನ್ನು ಪಲ್ಯದ ಹಾಗೆ ತಿಂತಾರಂತೆ. ಹೊಟ್ಟೆಗೂ ಒಳ್ಳೆಯದು ಅಂತ ಎಲ್ಲೋ ಓದಿದ್ದರು, ತಾವು ಕಂಡಿಲ್ಲ ಅಂದರು. ಎಲ್ಲಾ ಗಡ್ಡೆಗೂ ಇದು ಆಗಿಬರೋದಿಲ್ಲ, ಅಳತೆ ಮೀರಿದರೆ ಆ ಗ್ರಂಥಿಯೇ ತಿರುಗಿ ಬೀಳುತ್ತೆ, ಎದೆ ಹೊಡೆದುಕೊಳ್ಳುತ್ತೆ. ಈಗ ಇವರು ಪುಡಿ ಬಿಟ್ಟು ಮಲಗಲಿ, ಆಮೇಲೆ ಆ ಮುದುಕಿಯ ಅಳತೆ ಮೀರಬಾರದು ಅಂದರು. ಒಳಗೆ ಹೋಗಿ ಅದನ್ನಷ್ಟೇ ಹೇಳಿದರು. ಪಾಚಿಯ ಮಾತು ಎತ್ತಲಿಲ್ಲ. ಅದು ನಿನ್ನ ಕೆಲಸ ಜಟ್ಟಪ್ಪ ಅಂತ ಸೈಕಲ್ ಹತ್ತಿದರು.

ಎದೆ ಹದಕ್ಕೆ ಬಂದ ಮೇಲೆ ಯಜಮಾನರು ನನ್ನನ್ನು ಕರೆಸಿದರು. ಬಾಗಿಲಲ್ಲಿ ಮಾರಪ್ಪ ನಿಂತಿದ್ದ. ಕೈಯಲ್ಲಿ ಬಸ್ಸು ಸ್ಟಾರ್ಟ್ ಮಾಡುವ ಕಬ್ಬಿಣದ ಹ್ಯಾಂಡಲ್.

"ಸಿಕ್ತಾ?"

"ಸಿಕ್ತು."

"ಗಿಡ ಎಲ್ಲಿ?"

ಗಂಟನ್ನು ಮೇಜಿನ ಮೇಲೆ ಇಟ್ಟೆ. ಬಿಚ್ಚಲಿಲ್ಲ. ಬಿಚ್ಚುವ ಅಗತ್ಯ ಬೀಳಲಿಲ್ಲ... ವಾಸನೆ ತಾನಾಗಿಯೇ ಹೊರಗೆ ಬಂದು ಕೋಣೆಯಲ್ಲಿ ಓಡಾಡಿತು.

ಮೊದಲು ಅವರ ಮೂಗಿಗೆ ಅರ್ಥವಾಯಿತು. ಆಮೇಲೆ ಕಣ್ಣಿಗೆ. ಆಮೇಲೆ ಕೈ ಮಫ್ಲರಿನ ಮೇಲೆ ಹೋಗಿ ಅಲ್ಲೇ ನಿಂತಿತು.

"ಇದು... ಆ ಬುಟ್ಟಿಯ..."

"ಹೆಸರು ಹೇಳ್ಲಾ ಯಜಮಾನ್ರೇ?"

"ಬೇಡ." ಅವರ ದನಿ ಒಣಗಿತ್ತು. "ಮದ್ದಿನ ಹೆಸರು ಹೇಳಬಾರದು. ತಾಗೋದಿಲ್ಲ."

ಹೆಸರು ಹುಡುಕಿಕೊಂಡು ಬಾ ಅಂತ ಕಳಿಸಿದ್ದ ಮನುಷ್ಯ!

ಆದರೂ ಅವರು ವ್ಯಾಪಾರಸ್ಥರು. ಬೇಗ ಚೇತರಿಸಿಕೊಂಡರು. ಆಗಬೇಕಾದ್ದನ್ನು ಮೆತ್ತಗೆ ಹೇಳಿದರು. ನಾನೇ ಹೋಗಿ ಆ ಸೊಪ್ಪನ್ನು ಮಾತ್ರ ತರಬೇಕು. ಡಬ್ಬಿಯಲ್ಲಿ, ಮುಚ್ಚಳ ಬಿಗಿದು. ಅವರೊಬ್ಬರಿಗೆ ಸಾಕು. ಬುಟ್ಟಿಯ ಸುದ್ದಿ ಬೇಡ. ಕೊಲ್ಲೂರಿಗೆ ಹೋಗುವ ಯಾತ್ರಿಕರು ಆ ಬಸ್ಸಿನಲ್ಲಿ ಬರ್ತಾರೆ, ಆರ್ಡರ್ ಆರ್ಡರೇ.

ನಾನು ಆಗೋದಿಲ್ಲ ಅಂದೆ. ಕನ್ನಮ್ಮ ಮೀನು ಮಾರೋದಕ್ಕೆ ಬರುವವಳು, ಹಾಸು ಮಾರೋದಕ್ಕಲ್ಲ. ಮೀನು ಬಂದರೆ ಬುಟ್ಟಿ, ಬುಟ್ಟಿ ಬಂದರೆ ಹಾಸು. ತೀರ್ಥಹಳ್ಳಿಯಿಂದ ಸಾಗರದವರೆಗೆ ಎಷ್ಟು ಹೆಂಗಸರು ಗೋಡೆಗೆ ಒರಗಿ ಮಲಗಿದ್ದಾರೆ ಅಂತ ನಿಮಗೆ ಗೊತ್ತಾ ಅಂದೆ. ಒಬ್ಬಳು ನನ್ನ ಮನೆಯಲ್ಲೇ ಇದ್ದಾಳೆ ಅಂದೆ.

"ಮಾರಪ್ಪ," ಅಂದರು ಯಜಮಾನರು. ಅಷ್ಟೇ ಅಂದರು.

ಹ್ಯಾಂಡಲ್ ಮೇಲೆದ್ದಿತು. ನಾನು ಕುರ್ಚಿಯಿಂದ ಏಳಲಿಲ್ಲ. ಧೈರ್ಯ ಅಂದುಕೊಳ್ಳಬೇಡಿ... ಓಡಲು ಇದ್ದದ್ದು ಒಂದೇ ಬಾಗಿಲು, ಅದರ ತುಂಬ ಮಾರಪ್ಪ.

"ಅಳತೆ ಇರೋದು ಮೂಕಮ್ಮನ ಎರಡು ಬೆರಳಲ್ಲಿ," ಅಂದೆ. "ಚಮಚದ ಅಳತೆ ಏನು ಮಾಡ್ತು ಅಂತ ನೋಡಿದ್ರಿ. ಆ ಬೆರಳು ನಿಮಗೆ ಬೇಕಾದರೆ ಬುಟ್ಟಿ ಬಸ್ಸು ಹತ್ತಬೇಕು. ಕೊಟ್ಟರೆ ಎಲ್ಲರಿಗೂ, ಇಲ್ಲದಿದ್ದರೆ ಯಾರಿಗೂ ಇಲ್ಲ. ಇದು ಅವಳ ಮಾತು. ನನ್ನದೂ ಅದೇ."

ಹ್ಯಾಂಡಲ್ ಮೇಲೆಯೇ ಇತ್ತು. ಇಳಿಯುತ್ತೆ, ನನ್ನ ಮೇಲೆ ಇಳಿಯುತ್ತೆ ಅಂತ ಕಣ್ಣು ಮುಚ್ಚಿದೆ.

ಠಣ್ ಅಂತ ಸದ್ದಾಯಿತು. ಕಣ್ಣು ಬಿಟ್ಟೆ. ಹ್ಯಾಂಡಲ್ ನೆಲದ ಮೇಲಿತ್ತು.

"ಯಜಮಾನ್ರೇ," ಅಂದ ಮಾರಪ್ಪ. ಆ ದೊಡ್ಡ ಆಳು ಉಗುರು ನೋಡಿಕೊಳ್ಳುತ್ತಿದ್ದ. "ಕುಡಿಕೆಯಿಂದ ಒಂದು ಹಿಡಿ ನಾನು ತೆಗೆದಿಟ್ಟುಕೊಂಡೆ. ಅವ್ವನಿಗೆ. ಅವಳಿಗೂ ಉಸಿರು ಕಟ್ಟುತ್ತೆ."

ಹೊರಗೆ ಶೆಡ್ಡಿನಲ್ಲಿ ಯಾರೋ ಟೈರು ಬಡಿಯುತ್ತಿದ್ದರು.

ಗಣೇಶಮೂರ್ತಿಯವರು ಮಫ್ಲರ್ ಬಿಚ್ಚಿದರು. ಬೆವರು ಒರೆಸಿಕೊಂಡರು. ಮತ್ತೆ ಸುತ್ತಿಕೊಳ್ಳಲಿಲ್ಲ.

"ಟಾಪಿನ ಮೇಲೆ," ಅಂದರು ಕೊನೆಗೆ. "ಹಿಂದಿನ ತುದಿಗೆ. ಟಾರ್ಪಾಲ್ ಹೊದಿಸಿ. ಒಳಗೆ ಮಾತ್ರ ಬೇಡ."

"ಸಾಕು," ಅಂದೆ.

ವರದಮ್ಮನ ಗಡ್ಡೆ ಪೂರ್ತಿ ಹೋಗಲಿಲ್ಲ. ಸುಳ್ಳು ಯಾಕೆ ಹೇಳಲಿ? ಒಂದಿಷ್ಟು ಇಳಿಯಿತು, ಅಲ್ಲಿಗೇ ನಿಂತಿತು. ಮೂಕಮ್ಮನ ಪೊಟ್ಟಣ ತಿನ್ನುತ್ತಾಳೆ, ಡಾಕ್ಟರಿಗೂ ತೋರಿಸುತ್ತಾಳೆ. ಚಾಪೆಯ ಮೇಲೆ ಮಲಗುತ್ತಾಳೆ. ಗೊರಕೆ ಹೊಡೆಯುತ್ತಾಳೆ. ನನಗೆ ನಿದ್ದೆ ಬರೋದಿಲ್ಲ. ಅದು ಬೇರೆ ಮಾತು.

ಬೇಸಿಗೆ ಮುಗಿಯುವ ಮೊದಲು ಒಂದು ಸಲ ತೀರ್ಥಹಳ್ಳಿಯಲ್ಲಿ ಆ ಬಸ್ಸು ಹತ್ತಿದೆ. ಕನ್ನಮ್ಮನ ಬುಟ್ಟಿಯನ್ನು ಟಾಪಿಗೆ ಏರಿಸಿದವನು ಮಾರಪ್ಪನೇ. ಮದುವೆ ಹೆಣ್ಣನ್ನು ಪಲ್ಲಕ್ಕಿಗೆ ಏರಿಸುವ ಹಾಗೆ ಮೆಲ್ಲಗೆ ಏರಿಸಿದ. ಬಸ್ಸು ಹೊರಟು ಗಾಳಿ ಒಂದು ಸುತ್ತು ತಿರುಗಿದಾಗ ಶಲ್ಯ ಹೊದ್ದ ಒಬ್ಬರು ಮೂಗು ಹಿಡಿದುಕೊಂಡು ಎದ್ದು ನಿಂತರು. ಇದೇನು ಬಸ್ಸೋ ಮೀನಿನ ಅಂಗಡಿಯೋ, ಯಜಮಾನರಿಗೆ ಬರೆದು ಹಾಕ್ತೀನಿ, ಈ ನಾತಕ್ಕೆ ಮನುಷ್ಯ ಸತ್ತೇ ಹೋಗ್ತಾನೆ ಅಂತ ಕೂಗಾಡಿದರು.

ಮಾರಪ್ಪ ಅವರ ಹತ್ತಿರ ಬಂದ. ಜನ್ಮದಲ್ಲಿ ಮೊದಲ ಸಲ ಟಿಕೆಟ್ ಕೇಳಿದ. ತಿರುಗಿಸಿ ಮುರುಗಿಸಿ ನೋಡಿ ವಾಪಸ್ ಕೊಟ್ಟ.

"ಮೂಗು ಮುಚ್ಚಿಕೊಂಡು ಸತ್ತವರು ಈ ಲೈನಿನಲ್ಲಿ ಯಾರೂ ಇಲ್ಲ ಸ್ವಾಮಿ," ಅಂದ. "ಗಂಟಲು ಮುಚ್ಚಿ ಸತ್ತವರು ಇದಾರೆ. ಕೂತ್ಕೊಳ್ಳಿ."